ಹಳೆ ಲಾರಿ ಪ್ರದರ್ಶನಕ್ಕೆ ಹೊರಟಿದ್ದೀರಾ? ಬಣ್ಣ ಆಮೇಲೆ, ಮೊದಲು ಚಾಸಿ ನೋಡಿ

"ಹಳೆ ಕಾರು ಅಂದ್ರೆ ಸರಿ, ರಾಜರು ಓಡಾಡಿದ್ದು ಅಂತ ನೋಡಬಹುದು. ಲಾರಿಯಲ್ಲಿ ನೋಡೋಕೆ ಏನಿದೆ?" ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಹಳೆ ವಾಹನಗಳ ಪ್ರದರ್ಶನ ಅಂತ ಬ್ಯಾನರ್ ಕಟ್ಟಿದಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ. ಹೋಗಿ ಬಂದವರದು ಇನ್ನೊಂದು ದೂರು. "ಹೋದ್ವಿ, ನಾಲ್ಕು ಸೆಲ್ಫಿ ತಗೊಂಡ್ವಿ, ಹತ್ತು ನಿಮಿಷಕ್ಕೆ ಮುಗೀತು."

ಹತ್ತು ನಿಮಿಷಕ್ಕೆ ಮುಗಿಯುವುದಕ್ಕೆ ಕಾರಣ ಒಂದೇ. ಎಲ್ಲರೂ ಬಣ್ಣ ನೋಡುತ್ತಾರೆ. ಬಣ್ಣ ಹೋದ ತಿಂಗಳು ಹೊಡೆದದ್ದು. ಲಾರಿಯ ನಿಜವಾದ ವಯಸ್ಸು ಅದರ ಹೊಟ್ಟೆಯ ಕೆಳಗಿದೆ, ಮರದ ಬಾಡಿಯಲ್ಲಿದೆ, ಸವೆದ ಪೆಡಲಿನಲ್ಲಿದೆ. ಅದನ್ನು ಓದೋಕೆ ಮೆಕ್ಯಾನಿಕ್ ಆಗಿರಬೇಕಿಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲೇ ಒಂದು ಮಾತು. ನಮ್ಮ ಕಡೆ ಇಂಥ ಪ್ರದರ್ಶನಗಳಲ್ಲಿ ಕಾರು, ಬೈಕು, ಜೀಪುಗಳೇ ಜಾಸ್ತಿ. ಲಾರಿಗಳು ಮೈದಾನದ ಅಂಚಿನಲ್ಲಿ ನಾಲ್ಕೋ ಐದೋ ಇರುತ್ತವೆ. ನೂರು ಲಾರಿ ಸಾಲಾಗಿ ನಿಂತಿರುತ್ತವೆ ಅಂದುಕೊಂಡು ಹೋಗಬೇಡಿ. ನಾಲ್ಕೇ ಇದ್ದರೂ ಸರಿಯಾಗಿ ನೋಡಿದರೆ ಅರ್ಧ ದಿನ ಬೇಕು.

ಏನೇನು ಬೇಕು

ಒಂದು ಸಣ್ಣ ಟಾರ್ಚ್. ಚಾಸಿಯ, ಅಂದರೆ ಲಾರಿಯ ತಳದ ಉಕ್ಕಿನ ಚೌಕಟ್ಟಿನ ಕೆಳಗೆ ನೋಡುವುದಕ್ಕೆ ಮೊಬೈಲಿನ ಬೆಳಕು ಸಾಲುವುದಿಲ್ಲ. ಕಾಲಿಗೆ ಶೂ ಇರಲಿ, ಮೈದಾನದಲ್ಲಿ ಎಣ್ಣೆ ಚೆಲ್ಲಿರುತ್ತದೆ, ಹವಾಯಿ ಚಪ್ಪಲಿ ಜಾರುತ್ತದೆ. ಬಿಳಿ ಪಂಚೆ, ಒಳ್ಳೆ ಸೀರೆ ಬೇಡ. ಟೋಪಿ, ನೀರು, ಒಂದು ಪುಟ್ಟ ನೋಟ್ ಬುಕ್ಕು.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಬೀದಿಯಲ್ಲೋ ಊರಲ್ಲೋ ರಿಟೈರ್ ಆದ ಲಾರಿ ಡ್ರೈವರ್ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ. ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ ಕಾಫಿ ಮೂಟೆ ಹೊಡೆದವರು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದವರು, ಹಾಸನದ ಆಲೂಗಡ್ಡೆ ತುಂಬಿಕೊಂಡು ರಾತ್ರಿಯೆಲ್ಲ ಓಡಿಸಿದವರು. ಲಾರಿ ಕಂಡ ತಕ್ಷಣ ಅವರ ಬಾಯಿ ತಾನಾಗೇ ಬಿಚ್ಚುತ್ತದೆ. ಯಾವ ಫಲಕದಲ್ಲೂ ಬರೆಯದ ವಿಷಯ ಅವರಿಂದ ಸಿಗುತ್ತದೆ.

ಹಂತ 1: ದಿನ, ಹೊತ್ತು ನೋಡಿಕೊಳ್ಳಿ

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಯಲಲ್ಲಿ ನಿಲ್ಲಲು ಹಿತವಾದ ಹವೆ. ಜೂನಿನಿಂದ ಸೆಪ್ಟೆಂಬರ್ ಮಳೆ. ಆಗ ಹಳೆ ಲಾರಿಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ, ತೆಗೆದರೂ ಟಾರ್ಪಾಲು ಹೊದಿಸಿಯೇ ಇಟ್ಟಿರುತ್ತಾರೆ.

ಹಾಸನಕ್ಕೆ ಹೋಗುವುದಾದರೆ ಹಾಸನಾಂಬೆ ದರ್ಶನದ ದಿನಗಳಾ ಅಂತ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆದಾಗ ಊರಲ್ಲಿ ಲಾಡ್ಜ್ ಸಿಗುವುದಿಲ್ಲ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಚಿಕ್ಕಮಗಳೂರಾದರೆ ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೊರಟವರ ಕಾರುಗಳ ಸಾಲು ನೆನಪಿರಲಿ. ಹಾಸನ, ಚಿಕ್ಕಮಗಳೂರು ನಡುವೆ ಬೇಲೂರಿನ ಮೇಲೆ ಸುಮಾರು 60 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ಬಸ್ಸಿನಲ್ಲೇ ಹೋಗಿ ಎನ್ನುವುದು ನನ್ನ ಸಲಹೆ.

ಈಗ ಹೊತ್ತು. ಎಲ್ಲರೂ ಹನ್ನೊಂದು ಗಂಟೆಗೆ ಹೋಗುತ್ತಾರೆ. ಅದೇ ತಪ್ಪು. ಲಾರಿ ನೋಡಲು ಒಳ್ಳೆಯ ಸಮಯ ಎರಡು: ಬೆಳಿಗ್ಗೆ ಅವು ಮೈದಾನಕ್ಕೆ ಬರುವಾಗ ಮತ್ತು ಸಂಜೆ ಹೊರಡುವಾಗ. ನಿಂತ ಲಾರಿ ಅರ್ಧ ಲಾರಿ. ಅದು ಎಂಜಿನ್ ಹಿಡಿಯುವುದು, ಗೇರ್ ಕಿರುಗುಟ್ಟುವುದು, ತಿರುಗಿಸುವಾಗ ಡ್ರೈವರ್ ಮೈಯೆಲ್ಲ ಸ್ಟೇರಿಂಗಿಗೆ ಹಾಕುವುದು ಆಗ ಮಾತ್ರ ಕಾಣುತ್ತದೆ. ಸಂಘಟಕರಿಗೆ ಹಿಂದಿನ ದಿನ ಫೋನ್ ಮಾಡಿ "ಗಾಡಿಗಳು ಎಷ್ಟು ಹೊತ್ತಿಗೆ ಒಳಗೆ ಬರುತ್ತವೆ?" ಅಂತ ಕೇಳಿ.

ಹಂತ 2: ಹೋಗುವ ಮುನ್ನ ಮನೆತನಗಳ ಪರಿಚಯ ಮಾಡಿಕೊಳ್ಳಿ

ನಮ್ಮ ದೇಶದಲ್ಲಿ ಓಡಿದ ಹಳೆ ಲಾರಿಗಳ ಮನೆತನ ಐದಾರು. ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಗುರುತು ಸಿಗುತ್ತದೆ.

ಟಾಟಾ. ಟಾಟಾದವರ ಟೆಲ್ಕೊ ಕಂಪನಿ ಹುಟ್ಟಿದ್ದು 1945ರಲ್ಲಿ, ರೈಲು ಎಂಜಿನ್ ತಯಾರಿಸಲು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಹದಿನೈದು ವರ್ಷದ ಒಪ್ಪಂದ 1969ಕ್ಕೆ ಮುಗಿಯಿತು. ಅಲ್ಲಿಯವರೆಗಿನ ಲಾರಿಗಳ ಮೂತಿಯ ಮೇಲೆ ಬೆಂಜ್‌ನ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು. ನಮ್ಮ ಹಿರಿಯರು ಇವತ್ತಿಗೂ "ಬೆಂಜ್ ಲಾರಿ" ಅನ್ನುವುದು ಇದಕ್ಕೇ. ಆಮೇಲೆ ಬಂದದ್ದು ಟಾಟಾದ 'ಟಿ' ಗುರುತು.

ಟಾಟಾದ ನಂಬರುಗಳಿಗೆ ಅರ್ಥ ಇದೆ. 1210 ಅಂದರೆ ಗಾಡಿ, ಸರಕು ಎರಡೂ ಸೇರಿ ಸುಮಾರು 12 ಟನ್, ಎಂಜಿನ್ ಶಕ್ತಿ ಸುಮಾರು 100 ಅಶ್ವಶಕ್ತಿ. 1612 ಅಂದರೆ 16 ಟನ್, 120. ಎಂಜಿನ್ ನಂಬರೂ ಹಾಗೆಯೇ. 692 ಎಂದರೆ ಆರು ಸಿಲಿಂಡರ್, ಒಂದೊಂದರ ಬಾಯಿ 92 ಮಿಲಿಮೀಟರ್ ಅಗಲ. 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್. ಇದನ್ನು ಮಾಲೀಕರ ಮುಂದೆ ಸುಮ್ನೆ ಒಂದು ಸಲ ಹೇಳಿ ನೋಡಿ. ಆಮೇಲೆ ಅವರು ನಿಮ್ಮ ಜೊತೆ ಮಾತಾಡುವ ರೀತಿಯೇ ಬೇರೆ.

ಅಶೋಕ್ ಲೇಲ್ಯಾಂಡ್. 1948ರಲ್ಲಿ ಅಶೋಕ್ ಮೋಟಾರ್ಸ್ ಅಂತ ಶುರುವಾಗಿ ಮದ್ರಾಸಿನ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸುತ್ತಿತ್ತು. ಇಂಗ್ಲೆಂಡಿನ ಲೇಲ್ಯಾಂಡ್ ಸೇರಿಕೊಂಡ ಮೇಲೆ 1955ರಲ್ಲಿ ಈಗಿನ ಹೆಸರು ಬಂತು. ಹಳೆ ಗಾಡಿಗಳಲ್ಲಿ ಕಾಮೆಟ್, ಬೀವರ್, ಹಿಪ್ಪೊ ಹೆಸರು ಹುಡುಕಿ. ಕಾಮೆಟ್ ಅಂದರೆ ಧೂಮಕೇತು. ಹೊಗೆ ನೋಡಿದವರು ಹೆಸರು ಸರಿಯಾಗಿಯೇ ಇದೆ ಅಂತಾರೆ.

ಫಾರ್ಗೊ ಮತ್ತು ಡಾಜ್. ಎರಡೂ ಅಮೆರಿಕದ ಕ್ರೈಸ್ಲರ್ ಮನೆಯವು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸುತ್ತಿತ್ತು. ಇಲ್ಲಿ ಜನ ಎಡವುತ್ತಾರೆ. ಲಾರಿ ಹೆಚ್ಚುಕಮ್ಮಿ ಅದೇ, ಹೆಸರಿನ ತಗಡು ಮಾತ್ರ ಬೇರೆ. ಆಕಾರ ನೋಡಿ "ಇದು ಡಾಜ್" ಅಂತ ಜಗಳಕ್ಕೆ ನಿಲ್ಲಬೇಡಿ, ತಗಡು ಓದಿ.

ಬೆಡ್‌ಫೋರ್ಡ್. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಲಾರಿ. ಇಲ್ಲಿ ಹಿಂದುಸ್ತಾನ್ ಮೋಟಾರ್ಸ್ ಉತ್ತರಪಾರಾದಲ್ಲಿ ಜೋಡಿಸಿತು, ಅಂಬಾಸಿಡರ್ ಕಾರು ಮಾಡಿದ ಅದೇ ಜಾಗ.

ಮಿಲಿಟರಿ ಲಾರಿಗಳು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯ ಬಿಟ್ಟುಹೋದ ಷೆವ್ರೊಲೆ, ಫೋರ್ಡ್, ಜಿಎಂಸಿ ಲಾರಿಗಳು ಹರಾಜಿನಲ್ಲಿ ಹೋದವು. ಮಲೆನಾಡಿನಲ್ಲಿ, ಕೇರಳದಲ್ಲಿ ಕಾಡಿನಿಂದ ನಾಟಾ ಎಳೆಯಲು ಇವನ್ನು ಬಳಸಿದರು. ಎಲ್ಲ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವುದರಿಂದ ಕೆಸರಿನಲ್ಲಿ ಇವಕ್ಕೆ ಸಾಟಿ ಇರಲಿಲ್ಲ. ಕೆನಡಾದಲ್ಲಿ ತಯಾರಾದವಕ್ಕೆ ಮೋಟು ಮೂತಿ. ಅವುಗಳಲ್ಲಿ ಒಂದು ಬಗೆಯ ಮುಂದಿನ ಗಾಜು ಮೇಲಿನಿಂದ ಕೆಳಕ್ಕೆ ಒಳಮುಖವಾಗಿ ವಾಲಿರುತ್ತದೆ. ಬಿಸಿಲು ಹೊಳೆಯದಿರಲಿ ಅಂತ ಹಾಗೆ ಮಾಡಿದ್ದು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಸ್ವಾತಂತ್ರ್ಯದ ನಂತರದ ಮಿಲಿಟರಿ ಲಾರಿ ಅಂದರೆ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ವಿನ್ಯಾಸ, 1959ರಿಂದ ಜಬಲ್‌ಪುರದಲ್ಲಿ ತಯಾರಾಯಿತು.

ಹಂತ 3: ಇಪ್ಪತ್ತು ಹೆಜ್ಜೆ ದೂರ ನಿಲ್ಲಿ

ಮೈದಾನಕ್ಕೆ ಹೋದ ಕೂಡಲೇ ಹತ್ತಿರ ಓಡಬೇಡಿ. ಮುಂದಿನ ಮೂಲೆಯಿಂದ ಓರೆಯಾಗಿ ನೋಡಿ. ಲಾರಿ ಒಂದು ಕಡೆಗೆ ವಾಲಿದೆಯಾ? ಬಾಡಿಯ ಕೆಳಗೆರೆ ಮತ್ತು ಚಾಸಿಯ ಗೆರೆ ಸಮ ಇವೆಯಾ? ಕ್ಯಾಬಿನ್ ಹಿಂದಕ್ಕೆ ಬಾಗಿದೆಯಾ? ವಾಲಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಚಾಸಿ ಬಾಗಿದೆ. ಇದು ಹತ್ತಿರ ಹೋದರೆ ಕಾಣುವುದಿಲ್ಲ.

ಹಂತ 4: ಬಗ್ಗಿ, ಚಾಸಿ ನೋಡಿ

ಇಲ್ಲಿ ಸಮಯ ಕೊಡಿ. ಚಾಸಿ ಅಂದರೆ ಏಣಿಯ ಆಕಾರದ ಉಕ್ಕಿನ ಚೌಕಟ್ಟು. ಎರಡು ಉದ್ದ ಪಟ್ಟಿ, ನಡುವೆ ಅಡ್ಡ ಪಟ್ಟಿಗಳು. ಎಂಜಿನ್, ಕ್ಯಾಬಿನ್, ಬಾಡಿ ಎಲ್ಲ ಕೂತಿರುವುದು ಇದರ ಮೇಲೆ. ಉಳಿದದ್ದೆಲ್ಲ ಬದಲಾಗಿದ್ದರೂ ಚಾಸಿ ಅದೇ ಇದ್ದರೆ ಲಾರಿ ಅದೇ.

ಮೊದಲು ಮಾಲೀಕರನ್ನು ಕೇಳಿ, "ಕೆಳಗೆ ನೋಡಬಹುದಾ?" ಅಂತ. ಪಕ್ಕದಿಂದ ಟಾರ್ಚ್ ಬಿಡಿ. ಲಾರಿಯ ಕೆಳಗೆ ನುಗ್ಗಬೇಡಿ, ಚಕ್ರಕ್ಕೆ ಅಡೆ ಕೊಟ್ಟಿದ್ದರೂ ಬೇಡ. ಅಡ್ಡ ಪಟ್ಟಿಗಳು ಸೇರುವ ಜಾಗದಲ್ಲಿ ರಿವೆಟ್ ಇವೆಯಾ ನೋಡಿ. ರಿವೆಟ್ ಅಂದರೆ ಕಾಯಿಸಿಯೋ ಒತ್ತಿಯೋ ಎರಡೂ ಕಡೆ ತಲೆ ಮಾಡಿ ಕೂರಿಸಿದ ಮೊಳೆ. ಕಾರ್ಖಾನೆಯವರು ಹಾಕಿದ್ದು ಅದು. ಆ ಜಾಗದಲ್ಲಿ ನಟ್ಟು ಬೋಲ್ಟು ಇದ್ದರೆ ಯಾವಾಗಲೋ ಬಿಚ್ಚಿ ಕಟ್ಟಿದ್ದಾರೆ. ವೆಲ್ಡಿಂಗಿನ ಗಂಟು ಇದ್ದರೆ ಒಮ್ಮೆ ಬಿರುಕು ಬಿಟ್ಟಿತ್ತು ಅಂತ ಅರ್ಥ. ಉದ್ದ ಪಟ್ಟಿಗೆ ಒಳಗಿನಿಂದ ಇನ್ನೊಂದು ಪಟ್ಟಿ ಜೋಡಿಸಿದ್ದಾರಾ? ಅದು ಜಾಸ್ತಿ ಲೋಡ್ ಹೊಡೆದ ಲಾರಿ. ನಾಟಾ ಲಾರಿಗಳಲ್ಲಿ ಇದು ಮಾಮೂಲಿ.

ಇವೆಲ್ಲ ದೋಷ ಅಂತ ಮುಖ ಸಿಂಡರಿಸಬೇಡಿ. ಇವು ಆ ಲಾರಿ ದುಡಿದ ಗುರುತು. ಶಿರಾಡಿಯಲ್ಲಿ ಮೂವತ್ತು ವರ್ಷ ಹತ್ತಿ ಇಳಿದ ಗಾಡಿಗೆ ಒಂದು ಗಾಯವೂ ಇಲ್ಲ ಅಂದರೆ ನನಗೆ ಅನುಮಾನ.

ಇನ್ನು ಸ್ಪ್ರಿಂಗು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ್ದು, ನಮ್ಮವರು ಕಮಾನು ಪಟ್ಟಿ ಅಂತಾರೆ. ಎಡಕ್ಕೂ ಬಲಕ್ಕೂ ಪಟ್ಟಿಗಳ ಲೆಕ್ಕ ಹಾಕಿ. ಹೊಂದದಿದ್ದರೆ ಕೇಳಿ, ಒಂದು ಕಥೆ ಗ್ಯಾರಂಟಿ.

ಟೈರು. ಹಳೆ ಲಾರಿಗೆ 9.00-20 ಅಥವಾ 8.25-20 ಅಳತೆಯ ನೈಲಾನ್ ಟೈರು, ಒಳಗೆ ಟ್ಯೂಬು. ರಿಮ್ಮಿನ ಅಂಚಿನಲ್ಲಿ ಒಂದು ಉಕ್ಕಿನ ಬಳೆ ಕಾಣುತ್ತದೆ. ಅದು ಲಾಕ್ ರಿಂಗ್, ಟೈರನ್ನು ಹಿಡಿದಿಡುವುದೇ ಅದು.

ಎಚ್ಚರ: ಪ್ರದರ್ಶನದಲ್ಲಿ ಯಾರಾದರೂ ಇಂಥ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರೆ ಎದುರಿಗೆ ನಿಲ್ಲಬೇಡಿ, ಮಕ್ಕಳನ್ನು ನಿಲ್ಲಿಸಬೇಡಿ. ತುಕ್ಕು ಹಿಡಿದ ಬಳೆ ಕಳಚಿದರೆ ಗುಂಡಿನ ಹಾಗೆ ಹಾರುತ್ತದೆ. ಜೀವ ಹೋದ ಉದಾಹರಣೆಗಳಿವೆ.

ಹಂತ 5: ಮರದ ಕೆಲಸಕ್ಕೆ ಕೈ ಮುಗಿಯಿರಿ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಹಳೆಯ ಕಾಲದಲ್ಲಿ ಕಂಪನಿಯಿಂದ ಪೂರ್ತಿ ಲಾರಿ ಬರುತ್ತಿರಲಿಲ್ಲ. ಚಾಸಿ, ಎಂಜಿನ್, ಚಕ್ರ, ಮುಂದಿನ ಮೂತಿ, ಸ್ಟೇರಿಂಗು, ಅಷ್ಟೇ. ಡ್ರೈವರ್ ಒಂದು ಮರದ ಪೆಟ್ಟಿಗೆ ಮೇಲೆ ಕೂತು, ತಲೆಗೆ ಟವಲ್ ಸುತ್ತಿ, ಬಿಸಿಲು ಗಾಳಿಯಲ್ಲಿ ಆ ಅಸ್ಥಿಪಂಜರವನ್ನು ಊರಿಗೆ ತರುತ್ತಿದ್ದ. ಕ್ಯಾಬಿನ್, ಹಿಂದಿನ ಬಾಡಿ ಕಟ್ಟುತ್ತಿದ್ದದ್ದು ಬಾಡಿ ಬಿಲ್ಡರ್‌ಗಳು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆ ಇವತ್ತಿಗೂ ಈ ಕಸುಬು ಜೋರಾಗಿದೆ.

ಹಾಗಾಗಿ ವಿದೇಶದ ಪುಸ್ತಕ ಓದಿಕೊಂಡು "ಈ ಕ್ಯಾಬಿನ್ ಒರಿಜಿನಲ್ ಅಲ್ಲ" ಅಂತ ಮೂಗು ಮುರಿಯುವವರನ್ನು ನಂಬಬೇಡಿ. ನಮ್ಮ ಲಾರಿಗೆ ಆಚಾರಿ ಕಟ್ಟಿದ್ದೇ ಒರಿಜಿನಲ್. ನೋಡಬೇಕಾದದ್ದು ಅದು ಆ ಕಾಲದ ಆಚಾರಿ ಕೆಲಸವೋ, ಹೋದ ವರ್ಷ ಪ್ಲೈವುಡ್ಡಿನಲ್ಲಿ ಮಾಡಿದ್ದೋ ಅನ್ನುವುದು.

ಹೇಗೆ ಗುರುತು ಹಿಡಿಯುವುದು? ಮೂಲೆಗಳಲ್ಲಿ ಮರಕ್ಕೆ ಮರ ಕಚ್ಚಿಸಿ ಕೂರಿಸಿದ್ದಾರಾ, ಬರೀ ಸ್ಕ್ರೂ ಹೊಡೆದಿದ್ದಾರಾ ನೋಡಿ. ಹಲಗೆಗಳಿಗೆ ಕಬ್ಬಿಣದ ಪಟ್ಟಿ ಬಿಗಿದ ರೀತಿ ನೋಡಿ. ಹಿಂದಿನ ಬಾಗಿಲಿನ ಕೊಂಡಿ, ಸರಪಳಿ ಕುಲುಮೆಯಲ್ಲಿ ಬಡಿದವಾದರೆ ಒಂದಕ್ಕೊಂದು ಅಷ್ಟು ಸರಿಯಾಗಿ ಹೊಂದುವುದಿಲ್ಲ. ಹಗ್ಗ ಕಟ್ಟುವ ಕೊಕ್ಕೆಗಳ ಕೆಳಗೆ ಮರ ಸವೆದು ಗೀರು ಬಿದ್ದಿರುತ್ತದೆ. ಆ ಗೀರನ್ನು ಉಳಿಸಿಕೊಂಡ ಮಾಲೀಕನಿಗೆ ನನ್ನ ಲೆಕ್ಕದಲ್ಲಿ ಮೊದಲ ಬಹುಮಾನ.

ತಗಡಿನ ಭಾಗದಲ್ಲಿ ಪುಟ್ಟಿ ಎಷ್ಟಿದೆ ಎನ್ನುವುದು ಇನ್ನೊಂದು ಪರೀಕ್ಷೆ. ಪುಟ್ಟಿ ಅಂದರೆ ಗುಂಡಿ ಮುಚ್ಚಲು ಮೆತ್ತುವ ಹಿಟ್ಟಿನಂಥ ವಸ್ತು. ಒಂದು ಚಿಕ್ಕ ಅಯಸ್ಕಾಂತವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟುವುದಿಲ್ಲ. ಆದರೆ ಮಾಲೀಕರು ಒಪ್ಪಿದರೆ ಮಾತ್ರ. ಕೇಳದೆ ಅಯಸ್ಕಾಂತ ತೆಗೆದರೆ ಬೈಸಿಕೊಳ್ಳುತ್ತೀರಿ, ಬೈಯುವುದು ನ್ಯಾಯವೂ ಹೌದು.

ಒಂದು ಪದ ಬಿಡಿಸಿಬಿಡೋಣ. ರಿಸ್ಟೋರ್ ಮಾಡಿದ್ದು ಅಂದರೆ ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಮೊದಲಿದ್ದ ಹಾಗೆ ಮತ್ತೆ ಕಟ್ಟಿದ್ದು. ಇದ್ದಂತೆ ಉಳಿಸಿದ್ದು ಅಂದರೆ ಹಳೆ ಬಣ್ಣ, ಹಳೆ ಮರ ಹಾಗೇ ಇಟ್ಟು ಓಡುವ ಸ್ಥಿತಿಯಲ್ಲಿ ಕಾಪಾಡಿದ್ದು. ಮೂರನೆಯದು, ಹಳೆ ಮೂತಿ ಇಟ್ಟುಕೊಂಡು ಒಳಗೆ ಎಲ್ಲ ಹೊಸದು ತುಂಬಿದ್ದು. ಮೂರೂ ಪ್ರದರ್ಶನದಲ್ಲಿ ಪಕ್ಕಪಕ್ಕ ನಿಂತಿರುತ್ತವೆ. ನನಗೆ ಎರಡನೆಯದು ಇಷ್ಟ. ಜನಕ್ಕೆ ಮೂರನೆಯದು ಇಷ್ಟ, ಹಾಡು ಹಾಕಿರುತ್ತಾರಲ್ಲ.

ಹಂತ 6: ಬರಹ ಓದಿ, ವಯಸ್ಸು ಲೆಕ್ಕ ಹಾಕಿ

"1942 ಮಾಡೆಲ್" ಅಂತ ಫಲಕ ಇದ್ದರೆ ಕಣ್ಣು ಮುಚ್ಚಿ ನಂಬಬೇಡಿ. ಸುಳಿವುಗಳು ಲಾರಿಯ ಮೈಮೇಲೇ ಇವೆ.

ನಂಬರ್ ಪ್ಲೇಟ್: ಕೆಎ ಅನ್ನುವುದು 1989ರಿಂದ ಬಂದದ್ದು. ಹಾಸನಕ್ಕೆ ಕೆಎ 13, ಚಿಕ್ಕಮಗಳೂರಿಗೆ ಕೆಎ 18, ಸಕಲೇಶಪುರಕ್ಕೆ ಕೆಎ 46. ಅದಕ್ಕೆ ಮುಂಚೆ ಎಂವೈ, ಎಂಇ, ಸಿಎ ಹೀಗೆ ಶುರುವಾಗುವ ಮೂರಕ್ಷರ. ಎಂ ಕಂಡರೆ ಮೈಸೂರು ರಾಜ್ಯದ ಕಾಲದ ನೆನಪು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ.

ಪಬ್ಲಿಕ್ ಕ್ಯಾರಿಯರ್: ಕ್ಯಾಬಿನ್ ನೆತ್ತಿಯ ಮೇಲೆ ಹೀಗೆ ಬರೆದಿದ್ದರೆ ಬಾಡಿಗೆಗೆ ಓಡುತ್ತಿದ್ದ ಲಾರಿ. ಪ್ರೈವೇಟ್ ಕ್ಯಾರಿಯರ್ ಅಂತಿದ್ದರೆ ಸ್ವಂತ ಸರಕು ಸಾಗಿಸುವ ಲಾರಿ. ಎಸ್ಟೇಟ್ ಲಾರಿಗಳಲ್ಲಿ ಇದನ್ನು ಹುಡುಕಿ. 1939ರ ಮೋಟಾರು ಕಾಯ್ದೆಯ ಪದಗಳು ಇವು. 1988ರ ಕಾಯ್ದೆ ಬಂದ ಮೇಲೆ ಬಳಕೆ ತಪ್ಪಿತು.

ಮಿಲಿಟರಿ ಲಾರಿಯ ವಿಷಯದಲ್ಲಿ ಒಂದು ಗೊಂದಲ ಇದ್ದೇ ಇದೆ. ಗಾಡಿ ತಯಾರಾದದ್ದು ಯುದ್ಧಕಾಲದಲ್ಲಿ, ಹರಾಜಿನಲ್ಲಿ ಕೊಂಡವರು ನೋಂದಣಿ ಮಾಡಿಸಿದ್ದು ಎಷ್ಟೋ ವರ್ಷ ಆದ ಮೇಲೆ. ಆರ್‌ಸಿ ಪುಸ್ತಕದ ಇಸವಿ, ಫಲಕದ ಇಸವಿ ಬೇರೆಬೇರೆ ಇದ್ದರೆ ಮಾಲೀಕರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಇನ್ನೊಂದು ಕಡೆ, 1969ರ ನಂತರದ ಟಾಟಾಕ್ಕೆ ಬೆಂಜ್ ನಕ್ಷತ್ರ ಅಂಟಿಸುವ ಶೋಕಿ ಕೆಲವರಿಗಿದೆ. ನಕ್ಷತ್ರದ ಸುತ್ತ ಹೊಸ ತೂತು, ಹೊಸ ಸ್ಕ್ರೂ ಇದೆಯಾ ನೋಡಿ.

ಹಿಂದಿನ ಹಲಗೆಯ ಚಿತ್ರ ಬಿಡಬೇಡಿ. ತಾವರೆ, ಗಿಳಿ, ಹದ್ದು, ಮನೆದೇವರ ಹೆಸರು, "ಪ್ರಸನ್ನ" ಅನ್ನುವ ಅಕ್ಷರದ ಸುತ್ತ ಹಳದಿ ನೆರಳು. ಕೈಯಲ್ಲಿ ಬರೆದದ್ದಾದರೆ ಅಕ್ಷರದ ಅಂಚಿನಲ್ಲಿ ಬ್ರಷ್ ಎತ್ತಿದ ಗುರುತು ಸಿಗುತ್ತದೆ. ಸ್ಟಿಕ್ಕರಾದರೆ ಉಗುರಿಗೆ ಅಂಚು ತಾಗುತ್ತದೆ. ಅಂದಹಾಗೆ ಉಗುರು ಹಾಕಬೇಡಿ, ಕಣ್ಣಲ್ಲೇ ನೋಡಿ.

ಹಂತ 7: ಕ್ಯಾಬಿನ್ನಿಗೆ ಕರೆದರೆ ಮಾತ್ರ ಹತ್ತಿ

ಹತ್ತುವಾಗ ಬಾಗಿಲಿಗೆ ಜೋತುಬೀಳಬೇಡಿ, ಹಳೆ ಕೀಲು ಕಿತ್ತು ಬರುತ್ತದೆ. ಒಳಗೆ ಕ್ಲಚ್, ಬ್ರೇಕ್ ಪೆಡಲು ಯಾವ ಅಂಚಿನಲ್ಲಿ ಸವೆದಿದೆ ನೋಡಿ, ಡ್ರೈವರ್ ಹೇಗೆ ಕಾಲಿಡುತ್ತಿದ್ದ ಅಂತ ತಿಳಿಯುತ್ತದೆ. ಕೆಲವು ಲಾರಿಗಳ ಪಕ್ಕದಲ್ಲಿ ಕೈಯಂತೆ ಮೇಲೆದ್ದು ನಿಲ್ಲುವ ಸಣ್ಣ ಬಾಣ ಇರುತ್ತದೆ, ಅದು ಆ ಕಾಲದ ಇಂಡಿಕೇಟರ್. ರಬ್ಬರ್ ಬುಡ್ಡಿಯ ಹಾರ್ನ್ ಇದ್ದರೆ ಕೇಳಿ ಒತ್ತಿ.

ಗೇರ್ ಬಗ್ಗೆ ಜೊತೆಗೆ ಬಂದ ಹಿರಿಯ ಡ್ರೈವರನ್ನು ಕೇಳಿ. ಹಳೆ ಗೇರ್‌ಬಾಕ್ಸಿನಲ್ಲಿ ಹಲ್ಲುಗಳ ವೇಗ ತಾನಾಗಿ ಹೊಂದುತ್ತಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಎಕ್ಸಲರೇಟರ್ ಕೊಟ್ಟು, ಮತ್ತೆ ಒತ್ತಿ ಗೇರ್ ಹಾಕಬೇಕು. ಡಬಲ್ ಕ್ಲಚ್ ಅಂದರೆ ಇದೇ. ಘಾಟಿಯಲ್ಲಿ ಇದು ತಪ್ಪಿದರೆ ಗೇರ್ ಬೀಳುವುದಿಲ್ಲ, ಲಾರಿ ಹಿಂದಕ್ಕೆ ಜಾರುತ್ತದೆ. ಆಗ ಕ್ಲೀನರ್ ಮರದ ಅಡೆ ಹಿಡಿದು ಹಾರಿ ಚಕ್ರಕ್ಕೆ ಕೊಡಬೇಕಿತ್ತು. ಆ ಅಡೆ ಕ್ಯಾಬಿನ್ನಿನಲ್ಲಿ ಇದೆಯಾ ನೋಡಿ. ಎಲ್ಲ ರಿಸ್ಟೋರ್ ಮಾಡಿದವರು ಅದನ್ನು ಮರೆತಿರುತ್ತಾರೆ.

ಹಂತ 8: ಎಂಜಿನ್ ಶುರು ಮಾಡುವಾಗ

ಹಳೆ ಟಾಟಾ ಬೆಂಜ್ ಡೀಸೆಲ್ ಎಂಜಿನ್ನಿಗೆ ಮೊದಲು ಹೀಟರ್ ಕಾಯಿಸಬೇಕು. ಸಿಲಿಂಡರಿನ ಒಳಗಿನ ಸಣ್ಣ ತಂತಿ ಕೆಂಪಾಗುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯುವುದು. ಆ ಕಾಯುವಿಕೆ ನೋಡಲು ಚೆಂದ. ಮೊದಲು ಬರುವ ಬಿಳಿ ಹೊಗೆಗೆ ಗಾಬರಿ ಬೇಡ, ಎಂಜಿನ್ ತಣ್ಣಗಿದ್ದರೆ ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ದಟ್ಟ ಕಪ್ಪಾದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ.

ಫಾರ್ಗೊ, ಡಾಜ್, ಷೆವ್ರೊಲೆ ಮೊದಲಿಗೆ ಪೆಟ್ರೋಲ್ ಗಾಡಿಗಳು. ಆಮೇಲೆ ಖರ್ಚು ತಾಳದೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು, ಅದನ್ನು ಮದ್ರಾಸಿನ ಸಿಂಪ್ಸನ್ ಕಂಪನಿ ಇಲ್ಲೇ ತಯಾರಿಸುತ್ತಿತ್ತು. ಹಾಗಾಗಿ ಅಮೆರಿಕದ ಮೂತಿಯೊಳಗೆ ಇಂಗ್ಲಿಷ್ ಎಂಜಿನ್ ಕಂಡರೆ ಮೋಸ ಅಂದುಕೊಳ್ಳಬೇಡಿ. ನಮ್ಮ ದೇಶದ ಲಾರಿಯ ಚರಿತ್ರೆಯೇ ಹಾಗೆ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲೂ ಲಾರಿ, ಬಸ್ಸು ಓಡಿಸಿದ ಊರು ನಮ್ಮದು.

ಎಚ್ಚರ ಮೂರು. ಮುಂದೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದನ್ನು "ನಾನೂ ಒಂದ್ಸಲ" ಅಂತ ಕೇಳಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ. ನನ್ನ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ಅಷ್ಟು ಹೇಳಿದರೆ ಸಾಕು. ಎರಡು, ಎಂಜಿನ್ ಓಡುವಾಗ ಲಾರಿಯ ನೇರ ಮುಂದೆ, ನೇರ ಹಿಂದೆ ನಿಲ್ಲಬೇಡಿ. ಹಳೆ ಬ್ರೇಕ್ ನಂಬುವಂಥದ್ದಲ್ಲ. ಸೆರಗು, ದುಪಟ್ಟಾ ಫ್ಯಾನಿನ ಹತ್ತಿರ ಹೋಗದಿರಲಿ. ಮೂರು, ಯಾರಾದರೂ ಹಳೆ ಬ್ರೇಕ್ ಡ್ರಮ್ ಬಿಚ್ಚಿ ಧೂಳು ಊದುತ್ತಿದ್ದರೆ ದೂರ ಸರಿಯಿರಿ. ಹಳೆ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ.

ಹಂತ 9: ಮಾಲೀಕರ ಜೊತೆ ಮಾತು

"ಮೈಲೇಜ್ ಎಷ್ಟು?" "ಎಷ್ಟಕ್ಕೆ ಕೊಡ್ತೀರಿ?" ಇವೆರಡು ಬೇಡ. ಬೆಳಗಿನಿಂದ ನೂರು ಜನ ಕೇಳಿರುತ್ತಾರೆ. ಬದಲಿಗೆ, "ಎಲ್ಲಿ ಸಿಕ್ಕಿತು?" ಅಂತ ಶುರು ಮಾಡಿ. ಎಸ್ಟೇಟಿನ ಶೆಡ್ಡಿನಲ್ಲೋ, ಹುಣಸೆಮರದ ಕೆಳಗೋ, ಗುಜರಿಗೆ ಹೋಗುವ ಹಿಂದಿನ ದಿನವೋ ಸಿಕ್ಕಿರುತ್ತದೆ. ಆಮೇಲೆ "ಯಾವ ಭಾಗ ಹುಡುಕೋಕೆ ಜಾಸ್ತಿ ಕಷ್ಟ ಆಯ್ತು?" ಕೊನೆಗೆ "ಮರದ ಕೆಲಸ ಯಾರು ಮಾಡಿದ್ರು?" ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಆ ಆಚಾರಿ, ಆ ಟಿಂಕರಿಂಗಿನವ ಅಲ್ಲೇ ಎಲ್ಲೋ ಟೀ ಕುಡಿಯುತ್ತಾ ನಿಂತಿರುತ್ತಾನೆ. ಹೋಗಿ ಮಾತಾಡಿಸಿ.

ಫೋಟೊ ಬಗ್ಗೆ ಎರಡೇ ಮಾತು. ಮೊಣಕಾಲ ಎತ್ತರದಿಂದ, ಮುಂದಿನ ಮೂಲೆಯಿಂದ ತೆಗೆಯಿರಿ, ಲಾರಿ ಲಾರಿಯ ಹಾಗೆ ಕಾಣುತ್ತದೆ. ಫೆಂಡರ್ ಮೇಲೆ ಮಗುವನ್ನು ಕೂರಿಸಬೇಡಿ.

ಆಸೆ ಹುಟ್ಟಿ ಕೊಳ್ಳುವ ಯೋಚನೆ ಬಂದರೆ

ಬರುತ್ತದೆ, ನನಗೆ ಗೊತ್ತು. ಹಣ ಕೊಡುವ ಮುನ್ನ ಕಾನೂನು ತಿಳಿದುಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ಹಳೆ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಕ್ಷರ, 10 ವರ್ಷದ ಅವಧಿ. ಎಲ್ಲರೂ ಇಷ್ಟು ಓದಿ ಖುಷಿಯಾಗುತ್ತಾರೆ. ಆದರೆ ಆ ನಿಯಮ ಇರುವುದು ದ್ವಿಚಕ್ರ ವಾಹನ ಮತ್ತು ಕಾರಿನಂಥ ಪ್ರಯಾಣಿಕರ ನಾಲ್ಕು ಚಕ್ರದ ಗಾಡಿಗಳಿಗೆ. ಸರಕು ಲಾರಿ ಅದರಲ್ಲಿ ಬರುವುದಿಲ್ಲ. ಲಾರಿಯನ್ನು ರಸ್ತೆಗೆ ಇಳಿಸಬೇಕಾದರೆ ಉಳಿದ ಲಾರಿಗಳ ಹಾಗೆಯೇ ಎಫ್‌ಸಿ ಬೇಕು, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದು ಪ್ರತಿ ವರ್ಷ. ಪ್ರದರ್ಶನಕ್ಕೆ ಕೆಲವು ಲಾರಿಗಳು ಇನ್ನೊಂದು ಲಾರಿಯ ಬೆನ್ನ ಮೇಲೆ ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಆರ್‌ಸಿ ಇಲ್ಲದ ಲಾರಿಯನ್ನು "ಪೇಪರ್ ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವವರಿಂದ ಕೊಳ್ಳಬೇಡಿ. ಚಾಸಿ ಮೇಲೆ ಕೊರೆದ ನಂಬರು, ಪುಸ್ತಕದ ನಂಬರು ಒಂದೇನಾ ಅಂತ ನಿಮ್ಮ ಕಣ್ಣಲ್ಲೇ ನೋಡಿ.

ಪ್ರದರ್ಶನ ಇಲ್ಲದ ದಿನಗಳಲ್ಲಿ

ಕಣ್ಣು ಪಳಗಿಸಲು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆ ವಾಹನಗಳ ವಿಭಾಗ ನೋಡಿ. ಹಾಸನದವರು ಶಿರಾಡಿ ಇಳಿದು, ಚಿಕ್ಕಮಗಳೂರಿನವರು ಚಾರ್ಮಾಡಿ ಇಳಿದು ಹೇಗೂ ಹೋಗುತ್ತಲೇ ಇರುತ್ತೀರಿ. ಅಲ್ಲಿ ಕಾರುಗಳೇ ಹೆಚ್ಚು. ಆದರೂ ರಿವೆಟ್, ಕಮಾನು ಪಟ್ಟಿ, ಹಳೆ ದೀಪಗಳನ್ನು ನೋಡುವ ಅಭ್ಯಾಸ ಆಗುತ್ತದೆ.

ಇನ್ನೊಂದು ಪ್ರದರ್ಶನ ಪ್ರತಿ ವರ್ಷ ಟಿಕೆಟ್ ಇಲ್ಲದೆ ನಡೆಯುತ್ತದೆ, ಆಯುಧ ಪೂಜೆಯ ದಿನ. ವರ್ಷವಿಡೀ ಶೆಡ್ಡಿನಲ್ಲಿ ಮಲಗಿರುವ ಎಸ್ಟೇಟ್ ಲಾರಿ ಕೂಡ ಅವತ್ತು ತೊಳೆಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಹೊರಗೆ ನಿಲ್ಲುತ್ತದೆ. ಬೆಳಿಗ್ಗೆ ಎಂಟು ಗಂಟೆಯೊಳಗೆ ಲಾರಿ ಸ್ಟ್ಯಾಂಡ್, ಗ್ಯಾರೇಜುಗಳ ಬೀದಿ, ಕಾಫಿ ಕ್ಯೂರಿಂಗ್ ವರ್ಕ್ಸ್ ಕಡೆ ಒಂದು ಸುತ್ತು ಹಾಕಿ. ಹೂವಿನ ಹಾರ ಮೂತಿಯನ್ನು ಮುಚ್ಚುವ ಮುಂಚೆ ಹೋದರೆ ಹೆಸರಿನ ತಗಡು ಓದಲು ಸಿಗುತ್ತದೆ. ಪೂಜೆಗೆ ಕರೆದರೆ ಇಲ್ಲ ಅನ್ನಬೇಡಿ, ಕಡಲೆಪುರಿ ಖಾಲಿಯಾಗುವವರೆಗೂ ಮಾತು ನಡೆಯುತ್ತದೆ. ಬೂದುಗುಂಬಳ ಒಡೆದ ಮೇಲೆ ಮಾತ್ರ ಬೈಕಿನಲ್ಲಿ ಆ ಬೀದಿಗೆ ಹೋಗಬೇಡಿ, ವಿಪರೀತ ಜಾರುತ್ತದೆ.